ಭಾನುವಾರ ಕೊರಟಗೆರೆಗೆ ಹೋಗುತ್ತಿದ್ದ ನಮ್ಮ ಕೋಚ್

ಮೊನ್ನೆ ಮಳೆ ಬಿಟ್ಟ ಮೇಲೆ ನಮ್ಮ ಕಾಲೇಜಿನ ಆಟದ ಸಾಮಾನಿನ ಕೋಣೆ ತೆಗೆದೆ. ಹುಡುಗಿಯರು ಒದ್ದೆ ನೆಟ್ಟನ್ನು ಹಾಗೇ ಸುತ್ತಿ ಯೂರಿಯಾ ಚೀಲಕ್ಕೆ ತುಂಬಿ ಹೋಗಿದ್ದರು. ಚೀಲದ ಬಾಯಿ ಬಿಚ್ಚಿದೆ, ವಾಸನೆ ಬಂತು. ನೈಲಾನ್ ಹಗ್ಗ, ಕೆಮ್ಮಣ್ಣು, ಗೊಬ್ಬರದ ಘಾಟು, ಬೆವರು ಎಲ್ಲ ಕೂಡಿ ಕೊಳೆತ ವಾಸನೆ. ನಾನು ನಿಂತಿದ್ದದ್ದು ಸಿರಾದಲ್ಲಿ, ಮನಸ್ಸು ಹೋದದ್ದು ಮಧುಗಿರಿಗೆ. ನಾನು ಅಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೆ. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದ ವರ್ಷ ಅದು. ಓಬಳೇಶ್ ಸರ್ ನಮ್ಮ ಕಾಲೇಜಿಗೆ ವಾಲಿಬಾಲ್ ಹೆಡ್ ಕೋಚ್ ಆಗಿ ಬಂದದ್ದೂ ಹೋದದ್ದೂ ಅದೇ ವರ್ಷ.

ಹೆಡ್ ಕೋಚ್ ಅನ್ನುವುದು ಅವರೇ ಇಟ್ಟುಕೊಂಡ ಹೆಸರು. ಅವರ ಕೆಳಗೆ ಇನ್ನೊಬ್ಬ ಕೋಚ್ ಇರಲಿಲ್ಲ. ಗುತ್ತಿಗೆ ಮೇಲೆ ಬಂದವರು, ಬೆಳಗ್ಗೆ ಎರಡು ತಾಸು, ಸಂಜೆ ಎರಡು ತಾಸು. ಆದರೂ ಎದೆಯ ಮೇಲೆ ಹಾಗೆ ಹೊಲಿಸಿದ ಟೀ ಶರ್ಟು ಹಾಕಿಕೊಂಡೇ ಬರುತ್ತಿದ್ದರು. ಆಫೀಸಿನ ಗುಮಾಸ್ತ ನಾಗರಾಜಣ್ಣ ಅದನ್ನು ನೋಡಿ ನಮ್ಮ ಮುಂದೆಯೇ, "ಹೆಡ್ಡೇನೋ ಬಂತು ಕಣ್ರಮ್ಮ, ಬಾಡಿ ಯಾವಾಗ ಬತ್ತದೋ" ಅಂದು ನಕ್ಕಿದ್ದ. ಆಮೇಲೆ ದನಿ ಇಳಿಸಿ ಇನ್ನೊಂದು ಮಾತು ಸೇರಿಸಿದ್ದ: ಆ ಮನುಷ್ಯ ಎಲ್ಲೂ ನಿಂತಿಲ್ಲ, ಯಾಕೆ ಅಂತ ಯಾರೂ ಬಾಯಿ ಬಿಡಲ್ಲ, ನೀವು ಹುಷಾರಾಗಿರಿ.

ಅವರ ಬಗ್ಗೆ ನಮಗೆ ಗೊತ್ತಾದದ್ದು ಇಷ್ಟೇ. ಪಾವಗಡ ತಾಲ್ಲೂಕಿನ ನಿಡುಗಲ್ ಕಡೆಯವರು. ಹಿಂದೆ ಯಾವುದೋ ಇಲಾಖೆಯ ಟೀಮಿಗೆ ಆಡಿ, ಮಂಡಿ ಹೋದ ಮೇಲೆ ಕೋಚ್ ಆದವರು. ಪಾವಗಡದ ಕಾಲೇಜಿನಲ್ಲಿ ಸ್ವಲ್ಪ ದಿನ, ಸಿರಾದಲ್ಲಿ ಸ್ವಲ್ಪ ದಿನ, ನಮ್ಮಲ್ಲಿಗೆ ಬರುವ ಹಿಂದಿನ ವರ್ಷ ಕೊರಟಗೆರೆಯಲ್ಲಿ. ಎಲ್ಲ ಕಡೆಯೂ ಹೆಣ್ಣುಮಕ್ಕಳ ಟೀಮೇ. ಎಲ್ಲ ಕಡೆಯಿಂದಲೂ ಕಾಲೇಜಿನವರೇ ಬಿಡಿಸಿದ್ದು. ಹೆಣ್ಣುಮಕ್ಕಳಿಗೆ ಆಟ ಕಲಿಸುವ ಗಂಡಸನ್ನು ಊರೂರಲ್ಲೂ ಬಿಡಿಸುತ್ತಾರೆ ಅಂದರೆ, ನಮ್ಮ ಕಡೆ ಅದಕ್ಕೆ ಅರ್ಥ ಹುಡುಕಲು ಯಾರೂ ಬಹಳ ಹೊತ್ತು ತೆಗೆದುಕೊಳ್ಳುವುದಿಲ್ಲ.

ನಮ್ಮದು ಸಿರಾ ತಾಲ್ಲೂಕು, ಗೌಡಗೆರೆ ಹೋಬಳಿ. ನಾನು ಮಧುಗಿರಿಯಲ್ಲಿ ಹಾಸ್ಟೆಲ್ ಹುಡುಗಿ. ಕಡಲೆಕಾಯಿಗೆ ಕಳೆ ತೆಗೆಯುವ ಕಾಲಕ್ಕೆ ಊರಿಗೆ ಹೋದಾಗ ಹೊಸ ಕೋಚ್ ವಿಷಯ ಹೇಳಿದೆ. ಅವ್ವ ಕುಡುಗೋಲು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ದೂರ ನಿಂತ್ಕಂಡು ಯೋಳ್ಕೊಟ್ರೆ ಆಡು. ಅತ್ರುಕ್ಕೆ ಬಂದ್ರೆ ಚೆಂಡ್ನ ಅಲ್ಲೇ ಬಿಸಾಕಿ ಬಂದ್ಬುಡು ಕಣಮ್ಮ. ನಿಂಗೆ ಡಿಗ್ರಿ ಮುಖ್ಯ, ಚೆಂಡಲ್ಲ."

ಅವ್ವನಿಗೆ ನಾನು ಒಂದು ಹೇಳಿರಲಿಲ್ಲ. ಡಿಗ್ರಿ ನನಗೆ ಹೇಗೂ ಬರುತ್ತಿತ್ತು, ಅದನ್ನು ಯಾರ ಕೈಯಿಂದಲೂ ಕಿತ್ತುಕೊಳ್ಳುವ ಹಾಗೆ ನಾನು ಓದಿದ್ದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಆದರೆ ಬರೀ ಬಿ.ಎ. ಹಿಡಿದುಕೊಂಡು ಮನೆಗೆ ಬಂದರೆ ಮುಂದೇನು ಎಂದು ನನಗೆ ಗೊತ್ತಿತ್ತು. ನಮ್ಮಕ್ಕ ಬೆಳಗಿನ ಜಾವ ಎದ್ದು ಗಾರ್ಮೆಂಟ್ಸ್ ಬಸ್ಸು ಹತ್ತುತ್ತಿದ್ದಳು. ಅವಳೂ ಪಿಯುಸಿ ಪಾಸು. ಅವಳ ಪಕ್ಕದ ಸೀಟಿನಲ್ಲಿ ಕೂರುವವಳು ಡಿಗ್ರಿ ಮುಗಿಸಿದವಳು. ನಾನು ಆ ಬಸ್ಸು ಹತ್ತಬಾರದು ಅಂದರೆ ಆಟದ ಟೀಚರಾಗುವ ಬಿ.ಪಿ.ಎಡ್. ಸೀಟು ಬೇಕು. ಕ್ರೀಡಾ ಕೋಟಾದಲ್ಲಿ ಆ ಸೀಟು ಬೇಕು ಅಂದರೆ ಯೂನಿವರ್ಸಿಟಿ ಟೀಮಿಗೆ ಆಡಿರಬೇಕು. ಆ ಟೀಮಿಗೆ ಆರಿಸುವುದು ನಮ್ಮ ನಾಲ್ಕು ತಾಲ್ಲೂಕಿನ ಕಾಲೇಜುಗಳ ಪಂದ್ಯದಲ್ಲಿ. ನನಗೆ ಅದೊಂದೇ ವರ್ಷ ಉಳಿದಿತ್ತು. ಹಾಗಾಗಿ ಓಬಳೇಶ್ ಸರ್ ಎಂಥ ಮನುಷ್ಯ ಅನ್ನುವುದು ನನಗೆ ಹರಟೆಯ ವಿಷಯ ಆಗಿರಲಿಲ್ಲ. ಅವರು ಸರಿಯಿಲ್ಲ ಅಂದರೆ ನನ್ನ ವರ್ಷ ಹೋಯಿತು.

ಆ ವರ್ಷ ಶ್ರಾವಣ ಬಂದರೂ ಬರೀ ಗಾಳಿ. ಬೆಟ್ಟದ ಕಡೆಯಿಂದ ಬೀಸಿ ಬೀಸಿ ಮೈದಾನದ ಮೇಲ್ಮಣ್ಣನ್ನೆಲ್ಲ ಗುಡಿಸಿ ಹಾಕಿತ್ತು. ನೆಲ ಬಾಂಡಲಿಯ ಹಾಗೆ ಗಟ್ಟಿ. ಬಿದ್ದರೆ ಮಂಡಿ ತರಚಿ, ಮಾರನೆಯ ದಿನ ಚೂಡಿದಾರದ ಪ್ಯಾಂಟು ಗಾಯಕ್ಕೆ ಅಂಟಿಕೊಳ್ಳುತ್ತಿತ್ತು. ಸರ್ ಯಾರನ್ನೋ ಹಿಡಿದು ಒಂದು ಟ್ರ್ಯಾಕ್ಟರ್ ಕೆಮ್ಮಣ್ಣು ತರಿಸಿ ಹಾಕಿಸಿದರು. ಬೆಳಗ್ಗೆ ಬೆಟ್ಟದ ನೆರಳು ಮೈದಾನ ಬಿಡುವುದರೊಳಗೆ ಆಟ ಮುಗಿಯಬೇಕು.

ಅವರ ನಡವಳಿಕೆಯಲ್ಲಿ ನಾವು ಹುಡುಕದ ತಪ್ಪಿಲ್ಲ. ಸಿಕ್ಕಲಿಲ್ಲ. ಆಟದ ಕೋಣೆಯೊಳಗೆ ನಾವಿದ್ದರೆ ಅವರು ಒಳಗೆ ಕಾಲಿಡುತ್ತಿರಲಿಲ್ಲ. ಆಚೆ ಹೊಂಗೆ ಮರದ ಕೆಳಗಿನ ಕಲ್ಲಿನ ಮೇಲೆ ಕೂತು ಅಲ್ಲಿಂದಲೇ ಕೂಗುತ್ತಿದ್ದರು. ನಮ್ಮ ಮೊಣಕೈ ಸರಿಮಾಡಬೇಕಾದರೆ ಕೈ ತಾಗಿಸದೆ ಒಂದು ಬಿದಿರು ಕಡ್ಡಿಯಿಂದ ಎತ್ತುತ್ತಿದ್ದರು. ಕಾಲೇಜಿಗೆಲ್ಲ ನಾನು ಮುದ್ದು. ಅವರೊಬ್ಬರು ಮಾತ್ರ ಹಾಜರಿ ಕೂಗಿದ ಹಾಗೆ ಪೂರ್ತಿ "ಮುದ್ದರಂಗಮ್ಮ" ಅನ್ನುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಮರ್ಯಾದಸ್ಥ ಅನ್ನುತ್ತಿದ್ದೆವು. ಇವರ ವಿಷಯದಲ್ಲಿ ಅದೂ ಅನುಮಾನವೇ ಆಯಿತು.

"ಇಷ್ಟು ಶರೀಫ್ ಯಾರೂ ಇರಲ್ಲ ಕಣೇ" ಅಂದಳು ನಸ್ರೀನ್. "ಎಲ್ಲೋ ಏಟು ತಿಂದವ್ರೆ, ಅದ್ಕೆ ಈ ಕಡ್ಡಿ."

ನಸ್ರೀನ್ ಸಿರಾದವಳು, ನಮ್ಮ ಟೀಮಿನ ಲಿಫ್ಟರ್. ಅಂದರೆ ಚೆಂಡನ್ನು ನೆಟ್ಟಿನ ಹತ್ತಿರ ಮೇಲೆತ್ತಿ ಕೊಡುವವಳು. ಅವಳು ಎತ್ತಿದ್ದನ್ನು ಹೊಡೆಯುವವರು ನಾನು ಮತ್ತು ಗಂಗಲಕ್ಷ್ಮಿ. ಗಂಗಲಕ್ಷ್ಮಿ ಪಾವಗಡದವಳು, ಅರ್ಧ ಮಾತು ತೆಲುಗು. ಸರ್ ಕೂಡ ಅವಳ ಜೊತೆ ತೆಲುಗಿನಲ್ಲೇ ಮಾತಾಡುತ್ತಿದ್ದರು. ಅದೂ ನಮಗೆ ಸೇರುತ್ತಿರಲಿಲ್ಲ. ಏನು ಹೇಳಿದರು ಅಂತ ಕೇಳಿದರೆ ಅವಳು, "ಏಂ ಲೇದು, ಏನಿಲ್ಲ, ಊಟ ಆಯ್ತಾ ಅಂದ್ರು" ಅನ್ನುತ್ತಿದ್ದಳು. ಅಷ್ಟುದ್ದದ ಮಾತಿಗೆ ಅಷ್ಟೇ ಅರ್ಥವೇ ಅಂತ ನಾನು ನಸ್ರೀನ್ ಮುಖ ನೋಡುತ್ತಿದ್ದೆ.

ಆಟ ಮಾತ್ರ ಅವರು ಕಲಿಸಿದ ಹಾಗೆ ಯಾರೂ ಕಲಿಸಿರಲಿಲ್ಲ. ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಲಿಫ್ಟರ್ ಚೆಂಡನ್ನು ಎತ್ತ ಎತ್ತುತ್ತಾಳೆ ಅಂತ ತನ್ನವರಿಗೆ ಮೊದಲೇ ತಿಳಿಯಬೇಕು, ಎದುರಿನವರಿಗೆ ತಿಳಿಯಬಾರದು. ಅದಕ್ಕೆ ಇಂಗ್ಲಿಷಿನಲ್ಲಿ ಏನೇನೋ ಹೆಸರುಗಳಿವೆ. ಸರ್ ಅದನ್ನೆಲ್ಲ ಬಿಟ್ಟು ನಮಗೆ ಊರಿನ ಹೆಸರು ಕೊಟ್ಟರು. ಎಡಗಡೆಯ ತುದಿಗೆ ಎತ್ತರವಾಗಿ ಹೋಗುವ ಚೆಂಡು ಪಾವಗಡ, ಯಾಕೆಂದರೆ ದೂರ. ಲಿಫ್ಟರ್ ಪಕ್ಕದಲ್ಲೇ ಗಿಡ್ಡಕ್ಕೆ ಏಳುವುದು ಕೊರಟಗೆರೆ, ಹತ್ತಿರ. ತಲೆಯ ಹಿಂದಕ್ಕೆ ಎತ್ತಿದರೆ ಸಿರಾ. ನಸ್ರೀನ್ ಚೆಂಡಿನ ಕೆಳಗೆ ಓಡುತ್ತಾ ಊರಿನ ಹೆಸರು ಕೂಗುತ್ತಿದ್ದಳು, ನಾವು ಆ ಊರಿಗೆ ಹಾರುತ್ತಿದ್ದೆವು. ತಿಂಗಳು ತುಂಬುವುದರೊಳಗೆ ಹೆಸರು ಕಿವಿಗೆ ಬಿದ್ದರೆ ಕಾಲು ತಾನೇ ಏಳುತ್ತಿತ್ತು. ಈ ಕೂಗು ನಮ್ಮ ಆಸ್ತಿ, ಇದನ್ನು ಕಾಲೇಜಿನ ಹುಡುಗರಿಗೂ ಹೇಳಬೇಡಿ ಅಂತ ನಾನೇ ಎಲ್ಲರಿಗೂ ಹೇಳಿದ್ದೆ.

ಭಾನುವಾರ ಮಾತ್ರ ಅಭ್ಯಾಸ ಇಲ್ಲ. ಪಂದ್ಯ ಹತ್ತಿರ ಬಂದರೂ ಇಲ್ಲ. ಕೇಳಿದರೆ, "ನಂಗೂ ಕೆಲ್ಸ ಇರ್ತೈತಮ್ಮ" ಅನ್ನುತ್ತಿದ್ದರು. ಶನಿವಾರ ಸಂಜೆ ಕಾಲೇಜಿನ ಚೆಂಡುಗಳನ್ನು ಯೂರಿಯಾ ಚೀಲಕ್ಕೆ ತುಂಬಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋಗುತ್ತಿದ್ದರು. ಸೋಮವಾರ ಬೆಳಗ್ಗೆ ಚೆಂಡುಗಳು ವಾಪಸ್ ಇರುತ್ತಿದ್ದವು, ಆದರೆ ಅವುಗಳಿಗೆ ಹತ್ತಿದ ಮಣ್ಣು ನಮ್ಮ ಮೈದಾನದ ಕೆಂಪಲ್ಲ. ಬೂದಿ ಬಣ್ಣದ್ದು. ಮೊದಲ ಸಲ ನೋಡಿದಾಗ ನಾನು ಯಾರಿಗೂ ಹೇಳಲಿಲ್ಲ. ಎರಡನೆಯ ಸಲ ನಸ್ರೀನ್ ಕೈಗೆ ಚೆಂಡು ಕೊಟ್ಟೆ. ಅವಳು ಉಗುರಿನಲ್ಲಿ ಮಣ್ಣು ಕೆರೆದು ನೋಡಿ, ಬರುವ ಭಾನುವಾರ ಅವರ ಹಿಂದೆ ಹೋಗೋಣ ಅಂದಳು.

ಬಸ್ಸು ಫ್ರೀ ಆಗಿರದಿದ್ದರೆ ನಾವು ಹೋಗುತ್ತಿರಲಿಲ್ಲ. ಆಧಾರ್ ಕಾರ್ಡು ಹಿಡಿದುಕೊಂಡು, ಪ್ರೈವೇಟ್ ಬಸ್ಸುಗಳನ್ನೆಲ್ಲ ಬಿಟ್ಟು ಸರ್ಕಾರಿ ಬಸ್ಸಿಗೇ ಕಾದು ಹತ್ತಿದೆವು. ಸರ್ ಕೊರಟಗೆರೆ ಬಸ್ಸು ಹತ್ತಿದ್ದು ಮಾತ್ರ ಹಾಸ್ಟೆಲಿನ ಹುಡುಗಿಯೊಬ್ಬಳು ಹಿಂದಿನ ದಿನ ನೋಡಿ ಹೇಳಿದ್ದಳು. ಕೊರಟಗೆರೆಯಲ್ಲಿ ಇಳಿದು ಎಲ್ಲಿಗೆ ಹೋಗಬೇಕು ಅಂತ ಇಬ್ಬರಿಗೂ ಗೊತ್ತಿತ್ತು, ಆದರೆ ಬಾಯಿ ಬಿಟ್ಟು ಹೇಳಲಿಲ್ಲ. ನಡೆದುಕೊಂಡು ಅಲ್ಲಿನ ಕಾಲೇಜಿನ ಹಿಂದಿನ ಕಾಂಪೌಂಡಿಗೆ ಬಂದೆವು. ನಸ್ರೀನ್ ಒಂದು ಕಲ್ಲು ಉರುಳಿಸಿ ಅದರ ಮೇಲೆ ನಿಂತು ಇಣುಕಿದಳು. ನಾನು ಇಣುಕಬೇಕಾಗಿರಲಿಲ್ಲ. ಗೋಡೆಯ ಆಚೆಯಿಂದ ಯಾರೋ ಹುಡುಗಿ ಗಟ್ಟಿಯಾಗಿ "ಪಾವಗಡ" ಅಂತ ಕೂಗಿದಳು, ಆ ಮೇಲೆ ಅಂಗೈ ಚೆಂಡಿಗೆ ಬಡಿದ ಸದ್ದು.

ನನ್ನ ಕಾಲು ಆ ಕೂಗಿಗೆ ಎದ್ದೇ ಬಿಟ್ಟಿತ್ತು. ಗೋಡೆಯ ಈಚೆ ನಿಂತು, ಇನ್ನೊಬ್ಬರ ಕೂಗಿಗೆ.

ಆಮೇಲೆ ನಾನೂ ನೋಡಿದೆ. ಬೂದಿ ಬಣ್ಣದ ಮಣ್ಣಿನ ಮೈದಾನ, ನಮ್ಮ ಚೆಂಡುಗಳು, ಅದೇ ಬಿದಿರು ಕಡ್ಡಿ. ಹೊಡೆಯುತ್ತಿದ್ದವಳು ಉದ್ದನೆಯ ಕಪ್ಪು ಹುಡುಗಿ. ಸರ್ ಅವಳನ್ನು ಭಾಗ್ಯ ಅಂತ ಕರೆಯುತ್ತಿದ್ದರು. ಅವಳು ಹಾರಿದರೆ ಒಂದು ಗಳಿಗೆ ಮೇಲೇ ನಿಂತು ಆಮೇಲೆ ಹೊಡೆಯುತ್ತಿದ್ದಳು. ನಸ್ರೀನ್ ಏನೂ ತಮಾಷೆ ಮಾಡಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಹೇಳಿದಳು. "ನಮ್ಮನ್ನ ಮಾರ್ಬುಟ್ರು ಕಣೇ ಮುದ್ದು."

ಸೋಮವಾರ ಬೆಳಗ್ಗೆ ಬೇರೆಯವರು ಬರುವ ಮೊದಲೇ ನಾವಿಬ್ಬರೂ ಹೊಂಗೆ ಮರದ ಹತ್ತಿರ ಹೋಗಿ ನಿಂತೆವು. ನಿನ್ನೆ ಕೊರಟಗೆರೆಯಲ್ಲಿ ನೋಡಿದೆವು ಅಂತ ನಾನು ಹೇಳಿದೆ. ಸರ್ ನೆಟ್ಟಿನ ಗಂಟು ಬಿಡಿಸುತ್ತಿದ್ದರು.

"ನಾನೂ ನೋಡ್ದೆ. ಗೋಡೆ ಮ್ಯಾಲೆ ನಸ್ರೀನ್ ದುಪಟ್ಟಾ ಹಾರಾಡ್ತಿತ್ತು. ಒಳಿಕ್ಕೆ ಬರ್ಬೋದಾಗಿತ್ತು."

ಯಾಕೆ ಅಂತ ಕೇಳಿದೆ. ಅವರು ಗಂಟು ಬಿಡಿಸುತ್ತಲೇ ಹೇಳಿದರು. ನಾಲ್ಕು ಕಾಲೇಜಿನ ಟೀಮು ಸೇರದಿದ್ದರೆ ನಮ್ಮ ಕಡೆ ಹೆಣ್ಣುಮಕ್ಕಳ ಪಂದ್ಯವನ್ನೇ ಇಡುವುದಿಲ್ಲ ಅಂತ ಯೂನಿವರ್ಸಿಟಿಯವರು ಹೇಳಿದ್ದಾರಂತೆ. ಆಗ ಪಟ್ಟಣದ ಕಾಲೇಜುಗಳಿಂದಲೇ ಟೀಮು ಆರಿಸಿಬಿಡುತ್ತಾರೆ. ಕೊರಟಗೆರೆಯಲ್ಲಿ ತನ್ನನ್ನು ಬಿಡಿಸಿದ ಮೇಲೆ ಅಲ್ಲಿ ಆಡಿಸುವವರು ಯಾರೂ ಇಲ್ಲ, ಆ ಹುಡುಗಿಯರು ಬಿಟ್ಟರೆ ನಾಲ್ಕು ಮೂರಾಗುತ್ತದೆ. ಸಿರಾದಲ್ಲೂ ಪಾವಗಡದಲ್ಲೂ ಹಳೆಯ ಹುಡುಗಿಯರಿಗೆ ಫೋನಿನಲ್ಲಿ ಹೇಳಿ ಹೇಳಿ ಹೇಗೋ ಟೀಮು ನಿಲ್ಲಿಸಿದ್ದೇನೆ ಅಂದರು.

"ಎದುರ್ಗಡೆ ಯಾರೂ ಇಲ್ದೆ ನೆಟ್ ಕಟ್ಟಿ ಏನ್ಮಾಡ್ತೀಯಮ್ಮ ಮುದ್ದರಂಗಮ್ಮ?"

"ಕಲ್ಸಿ ಸರ್, ಬ್ಯಾಡ ಅನ್ನಲ್ಲ. ನಮ್ ಕೂಗು ಯಾಕೆ ಕಲ್ಸಿದ್ರಿ?"

ಅವರು ಮೊದಲ ಸಲ ತಲೆ ಎತ್ತಿದರು. "ನಂಗೆ ಬರೋ ಆಟ ಅದೊಂದೇ. ಇಂಕೇಮೀ ರಾದು ನಾಕು." ಬೇರೆ ಏನೂ ಬರುವುದಿಲ್ಲ ತನಗೆ, ಅಂತ.

ನಾನು ನಂಬಲಿಲ್ಲ. ನಾಲ್ಕು ಟೀಮಿನ ಮಾತು ನಿಜವೇ ಅಂತ ನಾಗರಾಜಣ್ಣನನ್ನು ಕೇಳಿದೆ. ಹೌದು, ಹಾಗೊಂದು ಸುತ್ತೋಲೆ ಬಂದಿದೆ ಅಂದ. ಸುತ್ತೋಲೆ ನಿಜ ಅಂದ ಮಾತ್ರಕ್ಕೆ ಮನುಷ್ಯನೂ ನಿಜ ಆಗಬೇಕಿಲ್ಲ. ಕೊರಟಗೆರೆಯವರು ಮತ್ತೆ ಕೆಲಸ ಕೊಡುತ್ತೇವೆ ಅಂದಿರಬಹುದು. ಆ ಭಾಗ್ಯ ಇವರ ನೆಂಟರ ಹುಡುಗಿ ಇರಬಹುದು. ಇಲ್ಲವೇ ನಾಗರಾಜಣ್ಣ ಹೇಳಿದ ಹಾಗೆ ಇನ್ನೇನೋ ಇರಬಹುದು. ಹೊಟ್ಟೆ ತುಂಬಿದವರು ನಂಬಿ ಮೋಸ ಹೋದರೆ ಮುಂದಿನ ವರ್ಷ ನೋಡಿಕೊಳ್ಳುತ್ತಾರೆ. ನನಗೆ ಮುಂದಿನ ವರ್ಷ ಇರಲಿಲ್ಲ.

ಅವತ್ತು ಸಂಜೆ ಹಾಸ್ಟೆಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಾವು ಆರೂ ಜನ ಕೂತು ಒಂದು ತೀರ್ಮಾನ ಮಾಡಿದೆವು. ಊರುಗಳನ್ನು ಅದಲು ಬದಲು ಮಾಡುವುದು. ಪಾವಗಡ ಅಂದರೆ ಇನ್ನು ಮೇಲೆ ತಲೆಯ ಹಿಂದಕ್ಕೆ. ಸಿರಾ ಅಂದರೆ ಎಡ ತುದಿಗೆ. ಕೊರಟಗೆರೆ ಹಾಗೇ ಇರಲಿ, ಎಲ್ಲ ಬದಲಾಯಿಸಿದರೆ ನಮಗೇ ತಲೆ ಕೆಡುತ್ತದೆ. ಸರ್ ಮುಂದೆ ಹಳೆಯ ಕೂಗಿನಲ್ಲೇ ಆಡುವುದು, ಅವರು ಹೋದ ಮೇಲೆ ಹೊಸದನ್ನು ಅಭ್ಯಾಸ ಮಾಡುವುದು. ಕೋಚಿಗೆ ಗೊತ್ತಿಲ್ಲದ ಆಟವನ್ನು ಕೋಚ್ ಯಾರಿಗೂ ಕಲಿಸಲಾರ.

ಗಂಗಲಕ್ಷ್ಮಿ ಒಪ್ಪಲು ತಡ ಮಾಡಿದಳು. "ನಮ್ಮೂರ್ನ ಎತ್ಕೊಂಡೋಗಿ ಸಿರಾದಲ್ಲಿಡ್ತೀರಾ? ನಂಗೆ ತಲೇಗೆ ಹತ್ತಲ್ಲಮ್ಮ" ಅಂದಳು. ಎಲ್ಲರೂ ನಕ್ಕರು. ಸರ್ ಜೊತೆ ತೆಲುಗಿನಲ್ಲಿ ಮಾತಾಡುವವಳು, ಹೋಗಿ ಹೇಳಿಬಿಟ್ಟರೆ? ನಾನು ಅವಳ ಕೈ ಹಿಡಿದು ತಾಯಾಣೆ ಮಾಡಿಸಿಕೊಂಡೆ.

ಪಂದ್ಯ ಆ ಸಲ ಪಾವಗಡದಲ್ಲಿ. ಹಿಂದಿನ ವಾರ ಮಳೆ ಬಂದು ದಾರಿಯುದ್ದಕ್ಕೂ ಕಡಲೆಕಾಯಿ ಹೊಲ ಹಸಿರಾಗಿತ್ತು; ದೂರದಲ್ಲಿ ಸೋಲಾರ್ ಹಲಗೆಗಳು ಕೆರೆಯ ಹಾಗೆ ಮಿನುಗುತ್ತಿದ್ದವು. ಬಸ್ಸಿನಲ್ಲಿ ಸರ್ ಮುಂದಿನ ಸೀಟಿನಲ್ಲಿ ಕೂತು ಹಿಂದಿರುಗಿ ನೋಡಲಿಲ್ಲ. ಮೈದಾನದಲ್ಲಿ ಬೇರೆ ಕಾಲೇಜಿನ ಹುಡುಗಿಯರು ಅವರನ್ನು ಕಂಡ ಕೂಡಲೇ ಮುತ್ತಿಕೊಂಡರು. ಸಿರಾದವರು, ಪಾವಗಡದವರು, ಕೊರಟಗೆರೆಯವರು, ಎಲ್ಲರಿಗೂ ಅವರು ಸರ್ರೇ. ಸಿರಾದ ಟೀಮಿನಲ್ಲಿ ಇಬ್ಬರು ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಬರಿಗಾಲಲ್ಲಿ ಆಡುತ್ತಿದ್ದರು. ಅವರನ್ನು ನಾವು ಸುಲಭವಾಗಿ ಸೋಲಿಸಿದೆವು, ಹಳೆಯ ಕೂಗಿನಲ್ಲೇ. ಹೊಸದನ್ನು ಫೈನಲ್ಲಿಗೆ ಇಟ್ಟುಕೊಂಡಿದ್ದೆವು. ಫೈನಲ್ಲಿಗೆ ಎದುರು ಬಂದದ್ದು, ಬರಬೇಕಾದವರೇ.

ಮೂರು ಸೆಟ್ಟಿನ ಆಟ. ಮೊದಲ ಚೆಂಡಿಗೇ ನಸ್ರೀನ್ "ಪಾವಗಡ" ಅಂತ ಕೂಗಿದಳು. ಎದುರಿನ ಮೂವರೂ ಎಡ ತುದಿಗೆ ಓಡಿ ಕೈ ಎತ್ತಿ ಹಾರಿದರು. ಚೆಂಡು ನಸ್ರೀನ್ ತಲೆಯ ಹಿಂದೆ ನನಗೆ ಬಂತು. ನನ್ನ ಮುಂದೆ ಒಬ್ಬರೂ ಇರಲಿಲ್ಲ. ಖಾಲಿ ನೆಟ್ಟಿನ ಮೇಲಿಂದ ಹೊಡೆದೆ. ಭಾಗ್ಯ ತಿರುಗಿ ತನ್ನ ಲಿಫ್ಟರನ್ನು ನೋಡಿದಳು, ಆಮೇಲೆ ಸರ್ ಅನ್ನು ನೋಡಿದಳು. ನಾನೂ ನೋಡಿದೆ. ನಮ್ಮ ಬೆಂಚಿನ ಮೇಲೆ ಕೂತಿದ್ದ ಸರ್ ಕಡ್ಡಿಯನ್ನು ನೆಲಕ್ಕೆ ಊರಿ ನಸ್ರೀನಳನ್ನು, ಆಮೇಲೆ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಎಲ್ಲಿ ಏನು ನಡೆದಿದೆ ಅಂತ ಲೆಕ್ಕ ಹಾಕುವವರ ಮುಖ.

ಆ ಸೆಟ್ಟು ನಮಗೆ ಬಂತು. ಬಿಡುವಿನಲ್ಲಿ ಸರ್ ಎದ್ದು ಮೈದಾನದ ಆಚೆ ಬದಿಗೆ ನಡೆದರು. ನೀರಿನ ಕ್ಯಾನು ಇಟ್ಟಿದ್ದದ್ದು ಕೊರಟಗೆರೆಯವರ ಬೆಂಚಿನ ಪಕ್ಕ. ಲೋಟ ಹಿಡಿದು ಅಲ್ಲೇ ನಿಂತರು. ಭಾಗ್ಯ ಅವರ ಪಕ್ಕದಲ್ಲಿ ನಿಂತು ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಳು. ಸರ್ ತುಟಿ ಅಲ್ಲಾಡಿತೇ? ಅಷ್ಟು ದೂರಕ್ಕೆ ನನಗೆ ಕಾಣಲಿಲ್ಲ. ನಸ್ರೀನ್ ಅಲ್ಲಾಡಿತು ಅಂದಳು.

ಎರಡನೆಯ ಸೆಟ್ಟಿನಲ್ಲಿ ಭಾಗ್ಯ ಕೂಗಿಗೆ ಕಿವಿ ಕೊಡುವುದನ್ನೇ ಬಿಟ್ಟಳು. ನಸ್ರೀನಳ ಬೆನ್ನು ಬಾಗುವುದನ್ನು ನೋಡಿಕೊಂಡು ಹಾರತೊಡಗಿದಳು. ನಾನು ಹೊಡೆದದ್ದೆಲ್ಲ ಅವಳ ಕೈಗೆ ತಾಗಿ ನನ್ನ ಕಾಲ ಬುಡಕ್ಕೇ ವಾಪಸ್ ಬಂತು. ಆ ಸೆಟ್ಟು ಹೋಯಿತು. ಕೊನೆಯದರಲ್ಲಿ ಎರಡೂ ಕಡೆ ಸಮ ಸಮ ಬಂದೆವು. ಬಿಸಿಲಿಗೆ ಯಾರಿಗೂ ಉಸಿರಿರಲಿಲ್ಲ. ನಸ್ರೀನ್ "ಪಾವಗಡ" ಅಂತ ಕೂಗಿ ಚೆಂಡನ್ನು ನನ್ನ ಕಡೆಗೆ, ಹಿಂದಕ್ಕೆ, ಎತ್ತಿದಳು. ಚೆಂಡು ಚೆನ್ನಾಗಿ ಎದ್ದಿತ್ತು. ಆದರೆ ಗಂಗಲಕ್ಷ್ಮಿಯ ಕಾಲು ಆ ಗಳಿಗೆಯಲ್ಲಿ ಹಳೆಯ ಪಾವಗಡಕ್ಕೆ, ತನ್ನ ಪಾವಗಡಕ್ಕೆ ಓಡಿತು. ಹಿಂದಿನ ಸಾಲಿನಿಂದ ಅಡ್ಡ ಬಂದವಳು ನಸ್ರೀನಳಿಗೆ ಡಿಕ್ಕಿ ಹೊಡೆದು, ಇಬ್ಬರೂ ನೆಟ್ಟಿಗೆ ಬಿದ್ದರು. ರೆಫರಿ ಸೀಟಿ ಊದಿದ, ನೆಟ್ಟು ಮುಟ್ಟಿದ್ದಕ್ಕೆ. ಮುಂದಿನ ಚೆಂಡನ್ನು ಭಾಗ್ಯ ಹೊಡೆದಳು. ಅದನ್ನು ಯಾರೂ ಎತ್ತುವ ಹಾಗಿರಲಿಲ್ಲ.

ಪಂದ್ಯ ಹೋಯಿತು. ಗಂಗಲಕ್ಷ್ಮಿ ನೆಲದ ಮೇಲೆ ಕೂತುಬಿಟ್ಟಳು. "ನಂಗೆ ತಲೇಗೆ ಹತ್ತಲ್ಲ ಅಂದಿರ್ಲಿಲ್ವಾ" ಅಂತ ಅಳುತ್ತಿದ್ದಳು. ನಾನು ಅವಳನ್ನು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ನನ್ನ ಕಣ್ಣು ಸರ್ ಮೇಲಿತ್ತು. ಕೊರಟಗೆರೆಯ ಹುಡುಗಿಯರು ಎಲ್ಲಿಂದಲೋ ಕನಕಾಂಬರದ ಹಾರ ತಂದಿದ್ದರು, ಅದನ್ನು ತಂದು ನಮ್ಮ ಬೆಂಚಿನ ಮೇಲೆ ಕೂತಿದ್ದ ನಮ್ಮ ಕೋಚಿನ ಕೊರಳಿಗೆ ಹಾಕಿದರು. ಸರ್ ಬೇಡ ಬೇಡ ಅಂತ ಕೈ ಅಡ್ಡ ಹಿಡಿದರು, ಅವರು ಬಿಡಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದರು. ಸೋತ ಟೀಮಿನ ಕೋಚು ಗೆದ್ದ ಟೀಮಿನ ಹಾರ ಹಾಕಿಕೊಂಡು ನಿಂತಿದ್ದನ್ನು ನಮ್ಮ ಪ್ರಿನ್ಸಿಪಾಲರು ಶಾಮಿಯಾನದ ಕೆಳಗಿನ ಕುರ್ಚಿಯಿಂದ ನೋಡುತ್ತಿದ್ದರು. ಪಕ್ಕದವರು ಅವರ ಕಿವಿಯಲ್ಲಿ ಏನೋ ಹೇಳಿದರು. ನನ್ನ ಪಕ್ಕದಲ್ಲಿದ್ದ ಸಿರಾದ ಹುಡುಗಿಯೊಬ್ಬಳು, ನಮ್ಮಲ್ಲೂ ಹಿಂಗೇ ಆಗಿದ್ದು ಅಂದಳು. ಸರ್ ಹೋದ ಎಲ್ಲ ಕಾಲೇಜಿನಲ್ಲೂ ಅವರನ್ನು ಬಿಡಿಸಿದ ಕಾರಣ ನನಗೆ ಆಗ ತಿಳಿಯಿತು. ಎಲ್ಲ ಕಡೆಯೂ ಹೀಗೇ, ಭಾನುವಾರ ಬೇರೆ ಕಾಲೇಜಿಗೆ ಹೋಗಿ ಸಿಕ್ಕಿಬಿದ್ದದ್ದು. ನಾವು ಹುಡುಕುತ್ತಿದ್ದ ಹೊಲಸು ಅಲ್ಲಿರಲಿಲ್ಲ. ಹಾಗೆಂದು ನನ್ನ ಸಿಟ್ಟು ಆರಲಿಲ್ಲ.

ಸಂಜೆ ಆಯ್ಕೆಯಾದವರ ಹೆಸರು ಮೈಕಿನಲ್ಲಿ ಹೇಳಿದರು. ನಮ್ಮ ನಾಲ್ಕು ತಾಲ್ಲೂಕಿನಿಂದ ಕೆಲವೇ ಹೆಸರು. ಮೊದಲನೆಯದು ಭಾಗ್ಯ. ಆಮೇಲೆ ಅವರದೇ ಲಿಫ್ಟರ್. ನಸ್ರೀನ್ ನನ್ನ ಕೈ ಹಿಡಿದಿದ್ದವಳು ಬಿಟ್ಟಳು. ಕೊನೆಗೆ, ಮೈಕು ಆರಿಸುವ ಮುಂಚೆ, "ಮುದ್ದರಂಗಮ್ಮ, ಮಧುಗಿರಿ" ಅಂದರು. ನಾನು ಕೂತೇ ಇದ್ದೆ. ನಸ್ರೀನ್ ನನ್ನ ಬೆನ್ನಿಗೆ ಗುದ್ದಿ, "ಎದ್ದೇಳೇ, ನೀನೇ" ಅಂದಳು. ಅವಳ ಕಣ್ಣು ತುಂಬಿತ್ತು, ನನಗಾಗಿಯೋ ತನಗಾಗಿಯೋ, ಅದನ್ನು ನಾನು ಯಾವತ್ತೂ ಕೇಳಿಲ್ಲ.

ಅಲ್ಲಿಗೇ ಮುಗಿದಿದ್ದರೆ ಸರಿಯಿತ್ತು. ಆಯ್ಕೆ ಮಾಡಲು ಬಂದಿದ್ದ ಮೇಡಂ ಒಬ್ಬರು ನನ್ನ ವಿವರ ಬರೆದುಕೊಳ್ಳುತ್ತಾ ನಗುನಗುತ್ತಲೇ ಹೇಳಿದರು. ಎಲ್ಲ ಟೀಮನ್ನೂ ಬಲ್ಲವರು ನಿಮ್ಮ ಸರ್ ಒಬ್ಬರೇ, ಹೊಡೆಯುವವರಲ್ಲಿ ಯಾರು ಚೆನ್ನ ಅಂತ ಅವರನ್ನು ಕೇಳಿದೆವು, ಅವರು ಭಾಗ್ಯ ಅಂದರು. ಇನ್ನೊಬ್ಬರು ಯಾರು ಅಂದರೆ ಯೋಚನೆ ಮಾಡಿ ಪಾವಗಡ ಟೀಮಿನ ಯಾರದೋ ಹೆಸರು ಹೇಳಿದರು. ನಿನ್ನ ಮೊದಲ ಸೆಟ್ಟು ನೋಡಿ ನಾನೇ ಹಟ ಹಿಡಿದು ನಿನ್ನ ಹೆಸರು ಸೇರಿಸಿದೆ. ಮೇಡಂ ಇದನ್ನು ಪ್ರೀತಿಯಿಂದಲೇ ಹೇಳಿದ್ದು. ಇಡೀ ವರ್ಷ ನಾನು ಪಟ್ಟ ಅನುಮಾನಕ್ಕೆ ಅವತ್ತು ಸಾಕ್ಷಿ ಸಿಕ್ಕಿತ್ತು.

ಪಾವಗಡದ ಬಸ್ ಸ್ಟ್ಯಾಂಡಿನಲ್ಲಿ ಸರ್ ಟೀ ಕುಡಿಯುತ್ತಾ ನಿಂತಿದ್ದರು. ಹಾರ ಎಲ್ಲೋ ತೆಗೆದಿಟ್ಟಿದ್ದರು. ನಾನು ನೇರವಾಗಿ ಹೋಗಿ ಎದುರಿಗೆ ನಿಂತೆ. ಅವರು ಗ್ಲಾಸು ಕೆಳಗಿಟ್ಟರು.

"ನೀರಿನ ಹತ್ರ ಅವಳಿಗೆ ಏನ್ ಯೋಳಿದ್ರಿ ಸರ್?"

"ನೀರು ಕುಡಿಯಾಕೆ ಹೋಗಿದ್ದೆ."

"ನನ್ನೆಸ್ರು ಯಾಕೆ ಯೋಳ್ಲಿಲ್ಲ?"

ಅವರಿಗೆ ಅದು ನನಗೆ ಗೊತ್ತಾಗಿದೆ ಅಂತ ತಿಳಿದಿರಲಿಲ್ಲ.

"ಯಾರು ಚೆನ್ನಾಗಾಡ್ತಾರೆ ಅಂತ ಕೇಳಿದ್ರು ಮುದ್ದರಂಗಮ್ಮ. ಯಾರಿಗೆ ಬೇಕು ಅಂತ ಕೇಳಿದ್ದಿದ್ರೆ ನಿನ್ನೆಸ್ರೇ ಹೇಳ್ತಿದ್ದೆ. ಅವ್ರು ಅದು ಕೇಳ್ಲಿಲ್ಲ."

ನಾನು ಅವರಿಗೆ ನಮಸ್ಕಾರ ಹೇಳದೆ ಬಸ್ಸು ಹತ್ತಿದೆ.

ಆ ತಿಂಗಳ ಕೊನೆಗೆ ಅವರನ್ನು ನಮ್ಮ ಕಾಲೇಜಿನಿಂದಲೂ ಬಿಡಿಸಿದರು. ನಾಗರಾಜಣ್ಣ, ನಾನು ಮೊದಲೇ ಹೇಳಿರಲಿಲ್ವಾ ಅಂದ. ನನಗೆ ಬಿ.ಪಿ.ಎಡ್. ಸೀಟು ಸಿಕ್ಕಿತು, ಮುಗಿಸಿದೆ. ಈಗ ಸಿರಾದಲ್ಲಿ ಕೋಚು, ನಾನೂ ಗುತ್ತಿಗೆಯವಳೇ. ಸರ್ ಈಗ ಎಲ್ಲಿದ್ದಾರೆ ಅಂತ ಕೇಳಿದರೆ ಒಬ್ಬರು ಒಂದು ಊರು ಹೇಳುತ್ತಾರೆ. ಅವರು ಅವತ್ತು ನೀರು ಕುಡಿಯಲಿಕ್ಕೇ ಹೋಗಿದ್ದರೇ ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಹೋಗಿದ್ದಿರಬಹುದು. ಬಿಸಿಲಿತ್ತು.

ಈ ವರ್ಷದ ಪಂದ್ಯ ಹೋದ ವಾರ ಆಯಿತು. ಆಯ್ಕೆಯವರು ನನ್ನನ್ನೂ ಕರೆದು, ನೀವು ನೋಡಿದ ಹುಡುಗಿಯರಲ್ಲಿ ಹೊಡೆಯುವುದರಲ್ಲಿ ಯಾರು ಚೆನ್ನ ಅಂತ ಕೇಳಿದರು. ಎದುರು ಟೀಮಿನಲ್ಲಿ ಮಧುಗಿರಿಯ ಹುಡುಗಿಯೊಬ್ಬಳಿದ್ದಳು. ಅವಳೇ ಚೆನ್ನ, ಅದರಲ್ಲಿ ಎರಡು ಮಾತಿಲ್ಲ, ಕುರುಡರಿಗೂ ಕಾಣುತ್ತಿತ್ತು. ಅವಳಪ್ಪ ಕಾರಿನಲ್ಲಿ ಬಂದಿದ್ದರು. ನನ್ನ ಟೀಮಿನ ಹುಲಿಕುಂಟೆಯ ಹುಡುಗಿ ಸ್ವಲ್ಪ ದೂರದಲ್ಲಿ ಬಗ್ಗಿ ಶೂ ಲೇಸು ಬಿಚ್ಚಿ ಕಟ್ಟುತ್ತಿದ್ದಳು, ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಅವಳದೂ ಕೊನೆಯ ವರ್ಷ. ಅವಳ ಮನೆಯನ್ನು ನಾನು ನೋಡಿದ್ದೇನೆ.

ನಾನು ಹುಲಿಕುಂಟೆಯವಳ ಹೆಸರು ಹೇಳಿದೆ. ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿ, "ನಿಮ್ಮ ಕಾಲೇಜಿನವಳೇ ಅಲ್ವಾ?" ಅಂತ ನನ್ನ ಮುಖ ನೋಡಿದರು. ಹೌದು ಅಂದೆ. ಅವರು ಕೇಳಿದ್ದು ಒಂದು, ನಾನು ಉತ್ತರ ಕೊಟ್ಟದ್ದು ಅವರು ಕೇಳದೆ ಬಿಟ್ಟದ್ದಕ್ಕೆ. ಅವರಿಗೆ ನನ್ನ ಮೇಲೆ ಅನುಮಾನ ಬಂದದ್ದು ಕಾಣುತ್ತಿತ್ತು. ಬರಲಿ ಅಂತ ನಾನು ಅಲ್ಲೇ ನಿಂತಿದ್ದೆ, ಅವರು ಹೆಸರು ಬರೆಯುವವರೆಗೂ.